ಹಿಡ್ಕೊಂಡ್ಯಾ ಎಂದು ಕೇಳುವ ಊರು

ಅಳಿವೆಯ ಬಾಯಲ್ಲಿ, ಹೊಳೆಯು ಕಡಲಾಗಲೋ ಬೇಡವೋ ಎಂದು ಹಿಂದೆಮುಂದೆ ನೋಡುವ ಜಾಗದಲ್ಲಿ, ಉಪ್ಪುನೀರಿನ ಕೆಸರಿನಲ್ಲೇ ಬೇರೂರಿ ಬೆಳೆಯುವ ಒಂದು ಕಾಂಡ್ಲದ ಮರವಿತ್ತು. ಆ ಮರವೇ ಒಂದು ಊರು. ಊರಿನವರೆಲ್ಲ ನುಸಿಗಳು.

ನುಸಿ ಎಂದ ಕೂಡಲೇ ಮೈ ಕೆರೆದುಕೊಳ್ಳಬೇಡಿ. ಇವರು ಕಚ್ಚುವ ಜನವಲ್ಲ. ತೊಗಟೆಯ ಮೇಲಿನ ಪಾಚಿ ಮೇಯ್ದುಕೊಂಡು ತಮ್ಮ ಪಾಡಿಗೆ ತಾವಿರುವವರು. ಹುಟ್ಟುವಾಗ ಆರು ಕಾಲು, ಬುದ್ಧಿ ಬಂದ ಮೇಲೆ ಎಂಟು. ಹತ್ತು ಮಂದಿ ಸಾಲಾಗಿ ನಿಂತರೂ ಒಂದು ಅಕ್ಕಿಕಾಳಿನ ಉದ್ದ ಆಗುವುದಿಲ್ಲ. ಆದರೆ ಅವರ ಮಾತು ಕೇಳಿದರೆ ಮರವನ್ನು ಅವರೇ ಹೆಗಲು ಕೊಟ್ಟು ನಿಲ್ಲಿಸಿದ್ದಾರೆ ಅನ್ನಿಸಬೇಕು. ಅದೇನೂ ದೊಡ್ಡ ತಪ್ಪಲ್ಲ ಬಿಡಿ, ನಮ್ಮಲ್ಲೂ ಅಂಥವರು ಬೇಕಾದಷ್ಟಿದ್ದಾರೆ.

ನೀರು ಬರುತ್ತಿತ್ತು, ನೀರು ಹೋಗುತ್ತಿತ್ತು. ಬಂದಾಗ ಊರು ಮುಳುಗುತ್ತಿತ್ತು, ಹೋದಾಗ ಏಳುತ್ತಿತ್ತು. ಆ ನುಸಿಗಳಿಗೆ ಈಜು ಬಾರದು. ನೀರು ಮುಟ್ಟುವ ಮೊದಲು ಬೆನ್ನಿಗೊಂದು ಪದರ ಗಾಳಿ ಹೊದ್ದುಕೊಂಡು, ಉಗುರುಗಳನ್ನು ಊರಿ, ಬಾಯಿ ಮುಚ್ಚಿಕೊಂಡು ಕೂರಬೇಕು. ನೀರಿನಡಿಯಲ್ಲಿ ಮಾತಿಲ್ಲ. ಬಾಯಿ ಬಿಟ್ಟರೆ ಗಾಳಿ ಹೋಯಿತು, ಗಾಳಿ ಹೋದರೆ ಆಸಾಮಿಯೂ ಹೋದ.

ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ತಾನಾಗಿ ಯಾರೂ ಹಿಡಿದುಕೊಳ್ಳುವಂತಿಲ್ಲ, ತಾನಾಗಿ ಯಾರೂ ಬಿಡುವಂತಿಲ್ಲ. ಪಕ್ಕದವರು ಕೇಳಬೇಕು. ಪಕ್ಕದವರೇ ಕೇಳಬೇಕು, ದೂರದವರು ಕೂಗಿದ್ದು ಲೆಕ್ಕಕ್ಕಿಲ್ಲ.

ಕೆಸರಿಗೆ ತಾಗಿದ ಬೇರಿನಲ್ಲಿ ಬುಡದಜ್ಜಿ ಇದ್ದಳು. ಅವಳನ್ನು ಕೇಳಲು ಕೆಳಗೆ ಯಾರೂ ಇಲ್ಲ. "ನನ್ನನ್ನು ನೀರೇ ಕೇಳ್ತದೆ" ಎನ್ನುತ್ತಿದ್ದಳು ಅವಳು. ನೀರು ಅವಳ ಉಗುರಿಗೆ ತಾಗಿದ್ದೇ ತಡ, ಮೇಲಿನವನನ್ನು ಕೇಳುತ್ತಿದ್ದಳು.

"ಹಿಡ್ಕೊಂಡ್ಯಾ?"

"ಹಿಡ್ಕೊಂಡೆ."

ಅವನು ತನ್ನ ಮೇಲಿನವಳನ್ನು ಕೇಳುತ್ತಿದ್ದ. ಅವಳು ತನ್ನ ಮೇಲಿನವನನ್ನು. ಹಿಡ್ಕೊಂಡ್ಯಾ, ಹಿಡ್ಕೊಂಡೆ. ಹಿಡ್ಕೊಂಡ್ಯಾ, ಹಿಡ್ಕೊಂಡೆ. ಮಾತು ಮುಂದೆ, ನೀರು ಹಿಂದೆ, ಹೀಗೆ ಮರ ಹತ್ತುತ್ತಿತ್ತು. ನೀರು ಯಾವತ್ತೂ ಮುಟ್ಟದ ಎತ್ತರದಲ್ಲಿ ಇದ್ದವರನ್ನೂ ಬಿಡುತ್ತಿರಲಿಲ್ಲ. ಅವರು ಪಾಚಿ ಅಗಿಯುತ್ತಲೇ "ಹಿಡ್ಕೊಂಡೆ ಹಿಡ್ಕೊಂಡೆ" ಎನ್ನುತ್ತಿದ್ದರು. ಎಲ್ಲರಿಗಿಂತ ಮೇಲಿದ್ದವನು ತುದಿಯಜ್ಜ. ಅವನಿಗೆ ಕೇಳಲು ಯಾರೂ ಇಲ್ಲದ್ದರಿಂದ ಅವನು ಚಂದ್ರನನ್ನು ಕೇಳುತ್ತಿದ್ದ. ಚಂದ್ರ ಕಾಣದ ಹಗಲಿನಲ್ಲೂ ಕೇಳುತ್ತಿದ್ದ. ಉತ್ತರ ಬರುತ್ತಿರಲಿಲ್ಲ, ಆದರೆ ಚಂದ್ರ ಬಿದ್ದದ್ದೂ ಇಲ್ಲವಲ್ಲ, ಆದ್ದರಿಂದ ತಾನು ಕೇಳುವುದರಿಂದಲೇ ಅವನು ನಿಂತಿದ್ದಾನೆ ಎಂದು ತುದಿಯಜ್ಜ ನಂಬಿದ್ದ.

ನೀರು ಇಳಿಯುವಾಗ ಮಾತೂ ಇಳಿಯುತ್ತಿತ್ತು. ತುದಿಯಜ್ಜ ತನ್ನ ಕೆಳಗಿನವಳನ್ನು ಕೇಳುತ್ತಿದ್ದ.

"ಬಿಟ್ಯಾ?"

"ಬಿಟ್ಟೆ."

ಬಿಟ್ಯಾ, ಬಿಟ್ಟೆ, ಬಿಟ್ಯಾ, ಬಿಟ್ಟೆ. ಬುಡದಜ್ಜಿಯವರೆಗೆ ಬಂದು ಮುಟ್ಟಿದ ಮೇಲೆ ಊರು ಮೇಯಲು ಹೊರಡುತ್ತಿತ್ತು.

ಈ ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೆ ಒಬ್ಬ ಹಿರಿಯ ಇದ್ದನಂತೆ. ಹಿಡಿಯುವುದರಲ್ಲಿ ಅವನಂಥವನಿಲ್ಲ. ಒಂದು ದಿನ ಗಡಿಬಿಡಿಯಲ್ಲಿ ತೊಗಟೆ ಎಂದುಕೊಂಡು ಬಸವನಹುಳುವಿನ ಚಿಪ್ಪನ್ನು ಹಿಡಿದುಕೊಂಡ. ಗಟ್ಟಿಯಾಗಿಯೇ ಹಿಡಿದುಕೊಂಡ. ಬಸವನಹುಳು ಜಾರಿ ನೀರಿಗೆ ಬಿತ್ತು, ಹಿರಿಯ ಹಿಡಿದುಕೊಂಡೇ ಕಡಲಿಗೆ ಹೋದ. ಆ ದಿನದಿಂದ ಒಬ್ಬರು ಇನ್ನೊಬ್ಬರನ್ನು "ಎಂತ ಹಿಡ್ಕೊಂಡಿದ್ದಿ?" ಎಂದು ಕೇಳತೊಡಗಿದರು. ನೀರಿಗೆ ಅವಸರ, ಜನರಿಗೂ ಅವಸರ. ಬರುಬರುತ್ತ ಮಾತಿನ ತಲೆ ಸವೆದು "ಹಿಡ್ಕೊಂಡ್ಯಾ?" ಎಂಬುದಷ್ಟೇ ಉಳಿಯಿತು. ಏನನ್ನು ಎಂದು ಯಾರೂ ಕೇಳುವುದಿಲ್ಲ. ಗಟ್ಟಿ ಹಿಡಿದರೆ ಸಾಕು, ಊರಿನಲ್ಲಿ ಮರ್ಯಾದೆ.

ಈಗ ಅಕ್ಕ ತಂಗಿಯ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿದ್ದು ಅದಕ್ಕೇ.

ಮರದ ಸೊಂಟದ ಹತ್ತಿರ ತೊಗಟೆಯಲ್ಲಿ ಒಂದು ಗಂಟು, ಅದಕ್ಕಿಂತ ತುಸು ಮೇಲೆ ಒಂದು ಬಿರುಕು. ಗಂಟಿನಲ್ಲಿ ಅಕ್ಕ, ಬಿರುಕಿನಲ್ಲಿ ತಂಗಿ. ನಡುವೆ ಸಾಸಿವೆಕಾಳಿನಷ್ಟು ಅಗಲದ ಪಾಚಿ. ನಮಗೆ ಸಾಸಿವೆ, ಅವರಿಗೆ ಗದ್ದೆ. ಅವರ ಅಮ್ಮ ಬದುಕಿದ್ದಾಗ ಆ ಪಾಚಿಯ ನಡುವೆ ಕೂತು, ಆರು ಕಾಲಿನ ಇಬ್ಬರು ಮಕ್ಕಳನ್ನು ಎರಡು ಕಡೆ ಇಟ್ಟುಕೊಂಡು, ಇಬ್ಬರನ್ನೂ ಒಟ್ಟಿಗೆ ಕೇಳುತ್ತಿದ್ದಳು: "ಹಿಡ್ಕೊಂಡ್ರಾ ಮಕ್ಳೇ?" ಅಮ್ಮ ಹೋದ ಮೇಲೆ ತಂಗಿಯನ್ನು ಅಕ್ಕ ಕೇಳತೊಡಗಿದಳು. ಒಂದು ಸಲ ಅಲ್ಲ, ಎರಡು ಸಲ. "ಹಿಡ್ಕೊಂಡ್ಯಾ? ಸರಿ ಹಿಡ್ಕೊಂಡ್ಯಾ?" ತಂಗಿಗೆ ಎಂಟು ಕಾಲು ಬಂದ ಮೇಲೂ ಎರಡು ಸಲ ಕೇಳುವುದು ತಪ್ಪಲಿಲ್ಲ. ಮೇಲಿನವರು ನಗುತ್ತಿದ್ದರು. ತಂಗಿಗೆ ನಾಚಿಕೆಯಾಗುತ್ತಿತ್ತು. ಹೊಟ್ಟೆಯೊಳಗೆ ಹಿತವಾಗುತ್ತಲೂ ಇತ್ತು.

ಅಂಥವರಿಗೆ ಜಗಳವಾಯಿತು. ಪಾಚಿ ಯಾರದು ಎಂಬ ಮಾತು ಬಂತು.

"ಅಮ್ಮ ಸಾಯುವಾಗ ಮುಖ ನನ್ನ ಕಡೆ ಇತ್ತು. ಪಾಚಿ ನಂಗೆ ಅಂತಲೇ ಅದರ ಅರ್ಥ" ಎಂದಳು ಅಕ್ಕ.

"ಬೆನ್ನು ನನ್ನ ಕಡೆ ಇತ್ತಲ್ಲ. ನಂಬಿಕೆ ಇದ್ದವರಿಗೆ ಬೆನ್ನು ಕೊಡುದು. ನಿನ್ನ ಮೇಲೆ ಕಣ್ಣಿಡ್ಲಿಕ್ಕೆ ಮುಖ ಆಚೆ ಮಾಡಿದ್ದು" ಎಂದಳು ತಂಗಿ.

"ನಾನೆಂತ ಕಳ್ಳಿಯಾ?"

"ನಾನು ಹೇಳ್ಲಿಲ್ಲ. ನೀನೇ ಹೇಳಿದ್ದು."

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು. ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಮಾತು ನಿಂತಿತು.

ಬೇರೆ ಊರಾಗಿದ್ದರೆ ಅಕ್ಕ ತಂಗಿ ಮಾತು ಬಿಟ್ಟರೆ ಊರಿಗೆ ನಷ್ಟವಿಲ್ಲ, ನಾಲ್ಕು ಜನಕ್ಕೆ ಹರಟೆಗೊಂದು ವಿಷಯ ಸಿಕ್ಕಿತು ಅಷ್ಟೆ. ಇಲ್ಲಿ ಹಾಗಲ್ಲ. ಬುಡದಿಂದ ಹೊರಟ "ಹಿಡ್ಕೊಂಡ್ಯಾ" ಅಕ್ಕನ ತನಕ ಓಡೋಡಿ ಬಂದು ಅಲ್ಲಿ ನಿಂತಿತು. ಅಕ್ಕ ತಂಗಿಯನ್ನು ಕೇಳಬೇಕು. ಕೇಳದಿದ್ದರೆ ತಂಗಿಯೂ ಹಿಡಿಯುವಂತಿಲ್ಲ, ತಂಗಿಯ ಮೇಲೆ ಇರುವ ಅರ್ಧ ಊರೂ ಹಿಡಿಯುವಂತಿಲ್ಲ.

ಅಕ್ಕ ಉಪಾಯ ಮಾಡಿದಳು. ನೀರು ಬರುವ ಹೊತ್ತಿಗೆ ಬಸವನಹುಳುವೊಂದು ನಿದ್ದೆಗಣ್ಣಿನಲ್ಲಿ ಮರ ಹತ್ತುತ್ತಿತ್ತು. ಅದನ್ನು ತಡೆದಳು.

"ಓ ಬಸವನಹುಳುವೇ, ಮೇಲೆ ಒಂದು ಬಿರುಕು ಉಂಟು. ಅದರಲ್ಲಿ ಯಾರೋ ಒಬ್ಬಳು ಇರ್ತಾಳೆ. ಹಿಡ್ಕೊಂಡ್ಯಾ ಅಂತ ಕೇಳಿದ್ದಾರೆ ಅಂತ ಹೇಳು. ಯಾರು ಕೇಳಿದ್ದು ಅಂತ ಹೇಳ್ಬೇಡ."

ತಂಗಿಯೂ ಕಡಿಮೆಯಿಲ್ಲ. ಬಸವನಹುಳು ಬಂದು ಹೇಳಿದಾಗ, "ಯಾರು ಕೇಳಿದ್ದೋ ಅವರಿಗೆ ಹಿಡ್ಕೊಂಡೆ ಅಂತ ಹೇಳಿಬಿಡು" ಎಂದಳು. ಇಬ್ಬರ ನಡುವೆ ಒಂದು ಸಾಸಿವೆಯ ದೂರ. ಪಿಸುಗುಟ್ಟಿದರೂ ಕೇಳುತ್ತದೆ.

ಬಸವನಹುಳುವಿನ ನಡಿಗೆ ನಿಮಗೆ ಗೊತ್ತು. ಸಾಸಿವೆಯಷ್ಟು ದೂರಕ್ಕೂ ಅದು ಮಧ್ಯದಲ್ಲಿ ಒಂದು ನಿದ್ದೆ ತೆಗೆಯುತ್ತಿತ್ತು. ಅಲ್ಲಿಯವರೆಗೆ ಮಾತು ಮುಂದೆ ನೀರು ಹಿಂದೆ ಇದ್ದದ್ದು, ಈಗ ನೀರು ಮುಂದೆ ಮಾತು ಹಿಂದೆ ಆಯಿತು. ನೀರು ಕಾಲಿಗೆ ತಾಗಿದರೂ ತಂಗಿ ಹಿಡಿಯದೆ ನಿಂತಿರುತ್ತಿದ್ದಳು. ಕೇಳದೆ ಹಿಡಿಯುವುದುಂಟೇ? ಅದು ಸೋತಂತೆ. ನೀರು ಹೊಟ್ಟೆಗೆ ಬಂದಾಗ ಮಾತು ಬಂದು ಮುಟ್ಟುತ್ತಿತ್ತು. ಅವಳು ಹೇಗೋ ಉಗುರು ಊರಿ, ಮೇಲಿನವನನ್ನು ಒಂದೇ ಉಸಿರಿನಲ್ಲಿ ಕೇಳಿ, ಬಾಯಿ ಮುಚ್ಚುತ್ತಿದ್ದಳು. ಕೆಳಗೆ ಅಕ್ಕ ತನ್ನ ಗಂಟನ್ನು ಹಿಡಿದುಕೊಂಡು, ಮೇಲೆ ನೋಡುವುದಿಲ್ಲ ಎಂದು ಹಟ ಹಿಡಿದು, ಮೇಲೆಯೇ ನೋಡುತ್ತಿದ್ದಳು.

ಇಳಿಯುವಾಗಲೂ ಇದೇ ಕಥೆ. ತಂಗಿ ಅಕ್ಕನನ್ನು "ಬಿಟ್ಯಾ" ಎಂದು ಕೇಳಬೇಕು, ಅದಕ್ಕೂ ಬಸವನಹುಳು. ಅದು ಮರ ಇಳಿಯುವಷ್ಟರಲ್ಲಿ ಕೆಳಗಿನ ಅರ್ಧ ಊರಿಗೆ ಹೊಟ್ಟೆ ಬೆನ್ನಿಗೆ ಅಂಟುತ್ತಿತ್ತು.

ಒಂದು ಸಲ ಮೇಲಿನ ಕವಲಿನ ಮಾವ ಹೋದ. ಪಾಪದ ಪ್ರಾಣಿ. ಎರಡು ಮಾತು ಹೆಚ್ಚು ಆಡಿದವನಲ್ಲ, ಯಾರ ಪಾಚಿಗೂ ಬಾಯಿ ಹಾಕಿದವನಲ್ಲ. ನೀರು ಬಂದಾಗ ಕೇಳುತ್ತಾರೆ ಎಂದು ಕಾದ, ಇನ್ನೂ ಕಾದ, ಮಾತು ಬರಲಿಲ್ಲ, ಅಲೆ ಬಂತು. ನಾನು ಇಷ್ಟು ಹೊತ್ತು ನಗುತ್ತ ಹೇಳುತ್ತಿದ್ದೇನೆ, ಆದರೆ ಈ ಮಾವನನ್ನು ನೆನೆದರೆ ನನಗೆ ಆ ಅಕ್ಕ ತಂಗಿಯ ಮೇಲೆ ನಿಜಕ್ಕೂ ಸಿಟ್ಟು ಬರುತ್ತದೆ. ಊರಿಗೂ ಬಂತು. ಜಗಳ ಮುಗಿಯದಿದ್ದರೆ ಮರದ ಮೇಲರ್ಧ ಒಂದು ದಿನ ಹೀಗೆಯೇ ಖಾಲಿಯಾಗುತ್ತದೆ ಎಂದು ಎಲ್ಲರಿಗೂ ಗೊತ್ತಾಯಿತು.

ಪಂಚಾಯಿತಿ ಮಾಡಲು ತುದಿಯಜ್ಜ ಇಳಿದು ಬಂದ. ಅವನು ಇಳಿದದ್ದನ್ನು ಆರು ಕಾಲಿನವರು ಯಾರೂ ನೋಡಿರಲಿಲ್ಲ. ಬರುತ್ತಾ ದಾರಿಯಲ್ಲಿ ಸಿಕ್ಕಿದ ಪಾಚಿಯನ್ನೆಲ್ಲ ರುಚಿ ನೋಡಿ, "ಕೆಳಗೆ ಉಪ್ಪು ಜಾಸ್ತಿ" ಎಂದ. ಗಂಟಿನ ಮೇಲೆ ಕೂತು ಅಕ್ಕನ ಮಾತು ಕೇಳಿದ, ತಲೆಯಾಡಿಸಿದ. ಬಿರುಕಿನ ಬಾಯಲ್ಲಿ ಕೂತು ತಂಗಿಯ ಮಾತು ಕೇಳಿದ, ಅದಕ್ಕೂ ತಲೆಯಾಡಿಸಿದ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಅಜ್ಜ ಎರಡಕ್ಕೂ ಸೈ ಅಂದ.

ಕೊನೆಗೆ ಗಂಟಲು ಸರಿಮಾಡಿಕೊಂಡು ತೀರ್ಪು ಹೇಳಿದ.

"ನೋಡಿ, ನಮ್ಮ ಊರಿನಲ್ಲಿ ಹಿಡಿಯುದಕ್ಕಿಂತ ದೊಡ್ಡದು ಯಾವುದೂ ಇಲ್ಲ. ನಾಳೆ ಅಮಾಸೆಯ ದೊಡ್ಡ ನೀರು. ಇಬ್ಬರೂ ಆ ಪಾಚಿಯನ್ನೇ ಹಿಡ್ಕೊಳ್ಳಿ. ಎಂಟು ಕಾಲೂ ಪಾಚಿ ಮೇಲೆ ಇರ್ಬೇಕು, ತೊಗಟೆ ಮುಟ್ಟುವ ಹಾಗಿಲ್ಲ. ನೀರು ಇಳಿದಾಗ ಯಾರ ಉಗುರು ಪಾಚಿಯಲ್ಲಿ ಉಂಟೋ, ಪಾಚಿ ಅವಳದ್ದು."

"ಇಬ್ಬರದ್ದೂ ಇದ್ರೆ?" ಎಂದು ಯಾರೋ ಕೇಳಿದರು.

"ಮುಂದಿನ ಅಮಾಸೆಗೆ ನೋಡುವ" ಎಂದ ಅಜ್ಜ. "ಮತ್ತೆ ಇನ್ನು ಬಸವನಹುಳು ಗಿಸವನಹುಳು ಎಲ್ಲ ಬೇಡ. ನೇರ ಕೇಳಿ. ಕವಲಿನವನ ಗತಿ ನೋಡಿದ್ದೀರಲ್ಲ."

ಕವಲಿನ ಮಾವನ ಹೆಸರು ಬಂದಾಗ ಇಬ್ಬರೂ ತಲೆ ತಗ್ಗಿಸಿದರು. ತೀರ್ಪಿಗೆ ಇಬ್ಬರೂ ಒಪ್ಪಿದರು. ಊರೂ ಒಪ್ಪಿತು. ಎಂಥ ತೀರ್ಪು, ಎಂಥ ತೀರ್ಪು ಎಂದು ಕೊಂಡಾಡಿತು. ಪಾಚಿಯನ್ನು ಹಿಡಿದರೆ ಪಾಚಿಯನ್ನು ಯಾರು ಹಿಡಿದಿರುತ್ತಾರೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ, ಏನನ್ನು ಎಂದು ಕೇಳುವ ಅಭ್ಯಾಸವೇ ತಪ್ಪಿಹೋಗಿತ್ತಲ್ಲ.

ಅಮಾವಾಸ್ಯೆಯ ದಿನ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ನೀರು ಏರತೊಡಗಿತು. ಅಕ್ಕ ಗಂಟಿನಿಂದ ಮೇಲೆ ಹತ್ತಿ ಪಾಚಿಯ ಕೆಳ ಅಂಚಿನಲ್ಲಿ ನಿಂತಳು. ತಂಗಿ ಬಿರುಕಿನಿಂದ ಹೊರಬಂದು ಮೇಲಂಚಿನಲ್ಲಿ ನಿಂತಳು. ಹೊರಬಂದಳು ಎಂದರೆ ಪೂರ್ತಿ ಬರಲಿಲ್ಲ. ಹಿಂದಿನ ಬಲಗಾಲೊಂದನ್ನು ಬಿರುಕಿನೊಳಗೇ ಸಿಕ್ಕಿಸಿ ಇಟ್ಟುಕೊಂಡಿದ್ದಳು. ಇದನ್ನು ದೊಡ್ಡ ಜಾಣತನ ಎಂದುಕೊಳ್ಳಬೇಡಿ. ತಾನಿಲ್ಲದಾಗ ಬಿರುಕಿಗೆ ಬೇರೆ ಯಾರಾದರೂ ಬಂದು ಕೂತರೆ ಎಂಬ ಸಂಶಯ, ಅಷ್ಟೆ. ಮೋಸ ಎಂದರೆ ಮೋಸವೇ. ಯಾರೂ ನೋಡಲಿಲ್ಲ.

ಬುಡದಿಂದ ಮಾತು ಹತ್ತಿ ಬಂತು. ಹಿಡ್ಕೊಂಡ್ಯಾ, ಹಿಡ್ಕೊಂಡೆ. ಹಿಡ್ಕೊಂಡ್ಯಾ, ಹಿಡ್ಕೊಂಡೆ. ಅಕ್ಕನ ಹತ್ತಿರ ಬಂದಾಗ ಅವಳು ಊರಿಗೆಲ್ಲ ಕೇಳುವ ಹಾಗೆ "ಹಿಡ್ಕೊಂಡೆ!" ಎಂದಳು. ಆಮೇಲೆ ಕಡಲಿನ ಕಡೆ ಮುಖ ಮಾಡಿ, ಕಡಲನ್ನೇ ಕೇಳಿದ ಹಾಗೆ, "ಹಿಡ್ಕೊಂಡ್ಯಾ?" ಎಂದಳು.

"ಹಿಡ್ಕೊಂಡೆ!"

ಒಂದೇ ಸಲ ಕೇಳಿದಳು. ಎರಡನೆಯದು ಬಾಯಿಗೆ ಬಂದಿತ್ತು. ನುಂಗಿದಳು.

ಮಾತು ಮೇಲೆ ಹೋಯಿತು. ತುದಿಯಜ್ಜ ಕಾಣದ ಚಂದ್ರನನ್ನು ಕೇಳಿದ. ಚಂದ್ರ ನೀರನ್ನು ಗಟ್ಟಿಯಾಗಿಯೇ ಹಿಡಿದಿದ್ದ, ಅದೇ ತೊಂದರೆ. ನೀರು ಗಂಟನ್ನು ಮುಳುಗಿಸಿತು, ಪಾಚಿಯನ್ನು ಮುಳುಗಿಸಿತು, ಬಿರುಕನ್ನು ಮುಳುಗಿಸಿತು, ಯಾವತ್ತೂ ಒದ್ದೆಯಾಗದವರ ಕಾಲಿಗೂ ತಾಗಿತು. ಪಾಚಿ ಅಗಿಯುತ್ತಿದ್ದವರು ಅಗಿಯುವುದು ಬಿಟ್ಟು ನಿಜವಾಗಿ ಹಿಡಿದುಕೊಂಡರು.

ನೀರಿನಡಿಯಲ್ಲಿ ಮಾತಿಲ್ಲ.

ಅಕ್ಕ ಎಂಟು ಕಾಲಿನಿಂದಲೂ ಪಾಚಿಯನ್ನು ತನ್ನ ಕಡೆ ಎಳೆದಳು. ತಂಗಿ ಏಳು ಕಾಲಿನಿಂದ ತನ್ನ ಕಡೆ ಎಳೆದಳು. ನೀರು ತನ್ನ ಕಡೆ ಎಳೆಯಿತು. ನೀರು ಯಾರ ಪಂಚಾಯಿತಿಗೂ ಬಂದು ಕೂತದ್ದಿಲ್ಲ, ಆದರೂ ಪಾಚಿಯಲ್ಲಿ ತನಗೂ ಪಾಲುಂಟು ಎಂಬಂತೆ ಎಳೆಯಿತು. ಪಾಚಿ ಕೆಳ ಅಂಚಿನಿಂದ ಏಳತೊಡಗಿತು. ಹಾಸಿದ ಚಾಪೆಯನ್ನು ಯಾರೋ ಮಡಚಿದ ಹಾಗೆ ಎದ್ದು ಬಂತು.

ಅಕ್ಕನಿಗೆ ಗೊತ್ತಾಯಿತು, ತಾನು ಗಟ್ಟಿಯಾಗಿ ಹಿಡಿದಿದ್ದೇನೆ, ಮತ್ತು ಹೋಗುತ್ತಿದ್ದೇನೆ. ಎರಡೂ ಒಟ್ಟಿಗೆ ನಿಜವಾಗಬಹುದು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ತಂಗಿ ನೋಡಿದಳು. ಅಕ್ಕ ಪಾಚಿಯ ಜೊತೆ ಮೇಲೆದ್ದು ತನ್ನ ಮುಂದೆ ತೇಲುತ್ತಿದ್ದಳು. ತಂಗಿ ಏಳು ಕಾಲನ್ನೂ ಪಾಚಿಯಿಂದ ತೆಗೆದಳು. ಆ ಊರು ಹುಟ್ಟಿದಂದಿನಿಂದ ನೀರಿನಡಿಯಲ್ಲಿ ಕೇಳದೆ ಬಿಟ್ಟವರು ಯಾರೂ ಇಲ್ಲ. ಬಿರುಕಿನಲ್ಲಿ ಸಿಕ್ಕಿಸಿದ್ದ ಒಂದು ಕಾಲಿನಲ್ಲಿ ಇಡೀ ಮೈ ನೇತುಬಿಟ್ಟು, ಮುಂದಿನ ಎಡಗಾಲನ್ನು ಅಕ್ಕನ ಕಡೆಗೆ ಚಾಚಿದಳು. ಇನ್ನೂ ಚಾಚಿದಳು. ಬಾಯಿ ಬಿಡುವಂತಿಲ್ಲ, ಬಿಡು ಎಂದು ಹೇಳುವಂತಿಲ್ಲ.

ಅಕ್ಕ ಪಾಚಿಯನ್ನು ನೋಡಿದಳು. ಅಮ್ಮ ಕೂತಿದ್ದ ಪಾಚಿ. ತಂಗಿಯ ಕಾಲನ್ನು ನೋಡಿದಳು. ಆಮೇಲೆ ಒಂದೊಂದೇ ಉಗುರು ಬಿಡಿಸಿದಳು. ಒಂದು ಬಿಟ್ಟಳು, ಇನ್ನೊಂದು ಬಿಟ್ಟಳು, ಮತ್ತೊಂದು. ಕೊನೆಯದನ್ನೂ ಬಿಟ್ಟಳು. ಎಂಟು ಕಾಲಿನಿಂದಲೂ ತಂಗಿಯ ಆ ಒಂದು ಕಾಲನ್ನು ತಬ್ಬಿಕೊಂಡಳು. ಪಾಚಿ ಮಡಚಿಕೊಂಡು, ಸುರುಳಿಯಾಗಿ, ಅಳಿವೆ ದಾಟಿ ಹೋಯಿತು.

ನೀರು ಹೋಯಿತು. ಮರ ಎದ್ದಿತು.

ಗಂಟಿಗೂ ಬಿರುಕಿಗೂ ನಡುವೆ ಬೋಳು ತೊಗಟೆ. ಬಿರುಕಿನಿಂದ ತಂಗಿ ಜೋತಾಡುತ್ತಿದ್ದಳು, ತಂಗಿಯಿಂದ ಅಕ್ಕ ಜೋತಾಡುತ್ತಿದ್ದಳು. ಯಾರ ಉಗುರೂ ಪಾಚಿಯಲ್ಲಿರಲಿಲ್ಲ. ತಂಗಿಯ ಹಿಂಗಾಲು ಬಿರುಕಿನಲ್ಲಿ ಇದ್ದದ್ದು ಊರಿಗೆಲ್ಲ ಕಂಡಿತು. "ಮೋಸ!" ಎಂದಳು ಮೇಲಿನೊಬ್ಬಳು. ಪಾಚಿಯೇ ಇಲ್ಲದ ಮೇಲೆ ಸೋತವರು ಯಾರು, ಗೆದ್ದವರು ಯಾರು ಎಂದು ತುದಿಯಜ್ಜ ಬಹಳ ಹೊತ್ತು ಯೋಚಿಸಿ, ಅದೆಲ್ಲ ಆಮೇಲೆ ನೋಡುವ ಎಂದು ಕೆಳಗಿನವಳನ್ನು ಕೇಳಿದ.

"ಬಿಟ್ಯಾ?"

"ಬಿಟ್ಟೆ."

ಮಾತು ಇಳಿಯಿತು. ಬಿಟ್ಯಾ, ಬಿಟ್ಟೆ. ಬಿಟ್ಯಾ, ಬಿಟ್ಟೆ. ತಂಗಿಯ ಹತ್ತಿರ ಬಂತು.

"ಬಿಟ್ಯಾ?"

"ಬಿಟ್ಟೆ" ಎಂದಳು ತಂಗಿ. ಬಿಟ್ಟದ್ದಂತೂ ನಿಜವೇ.

ಈಗ ಅವಳು ಅಕ್ಕನನ್ನು ಕೇಳಬೇಕು. ಕೇಳಿದರೆ ಅಕ್ಕ ಬಿಡಬೇಕು. ಅಕ್ಕ ಬಿಟ್ಟು ತನ್ನ ಕೆಳಗಿನವನನ್ನು ಕೇಳಬೇಕು, ಅವನು ಅವನ ಕೆಳಗಿನವಳನ್ನು. ಬುಡದವರೆಗೆ ಅರ್ಧ ಊರು ಹಸಿದು ಕಾಯುತ್ತಿತ್ತು.

ತಂಗಿ ಕೇಳಲಿಲ್ಲ.

"ಇನ್ನೂ ಮುಗೀಲಿಲ್ವಾ ಇವರ ಜಗಳ!" ಎಂದ ಕೆಳಗಿನೊಬ್ಬ. "ಕೇಳು ಮಾರಾಯ್ತಿ, ಹಸಿವಾಗ್ತದೆ!" ಎಂದಳು ಇನ್ನೊಬ್ಬಳು. "ಬಸವನಹುಳುವನ್ನು ಕರೀರಿ!" ಎಂದ ಮತ್ತೊಬ್ಬ. ಬಸವನಹುಳು ಎಲೆಯ ಅಡಿಯಲ್ಲಿ ಚಿಪ್ಪಿನ ಬಾಗಿಲು ಹಾಕಿಕೊಂಡು ಮಲಗಿತ್ತು.

ತಂಗಿ ತಲೆ ಬಗ್ಗಿಸಿ ಅಕ್ಕನನ್ನು ನೋಡಿದಳು. ಎಷ್ಟೋ ಕಾಲದ ಮೇಲೆ ನೇರವಾಗಿ ನೋಡಿದಳು.

"ಎಂತ ಹಿಡ್ಕೊಂಡಿದ್ದಿ ಅಕ್ಕ?"

ಊರಿನಲ್ಲಿ ಆ ಮಾತನ್ನು ಹಾಗೆ ಯಾರಾದರೂ ಕೇಳಿದ್ದು ಯಾರಿಗೂ ನೆನಪಿಲ್ಲ. 

"ನಿನ್ನ ಕಾಲು" ಎಂದಳು ಅಕ್ಕ.

"ನೋಯ್ತದೆ."

"ಬಿಡ್ಲಾ?"

"ಬಿಟ್ಯಾ ಅಂತ ನಾನು ಕೇಳಿದ್ನಾ?"

ಅಕ್ಕ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಕೆಳಗೆ ಊರು ಮತ್ತೆ ಬೊಬ್ಬೆ ಹಾಕಿತು, ಹಸಿವು ಹಸಿವು ಎಂದಿತು, ಕಟ್ಟಳೆ ಕಟ್ಟಳೆ ಎಂದಿತು. ಕೆಸರಿಗೆ ತಾಗಿದ ಬೇರಿನಿಂದ ಬುಡದಜ್ಜಿಯ ದನಿ ಬಂತು.

"ಇವತ್ತು ಅವಳು ಕೇಳುದಿಲ್ಲ ಮಕ್ಳೇ. ಇನ್ನೊಂದು ನೀರು ಬರ್ತದೆ, ಸುಮ್ನೆ ಹಿಡ್ಕೊಂಡಿರಿ."